ಮಂಕುತಿಮ್ಮನ ಸೀಮೆ: ಡಿ.ವಿ.ಜಿ.ಯವರ ಕಾವ್ಯ, ನಾಟಕ ಮತ್ತು ಕೋಲಾರದ ಗಡಿನಾಡು

ಕೋಲಾರ ಜಿಲ್ಲೆಯ ಮುಳಬಾಗಿಲು, ಬೇತಮಂಗಲ, ಬೂದಿಕೋಟೆಗಳ ಸೀಮೆ ಮೂರು ಭಾಷೆಗಳು ಕೂಡುವ ನೆಲ. ಹೈದರಾಲಿಯ ಜನ್ಮಸ್ಥಳವೆಂದು ಇತಿಹಾಸದಲ್ಲಿ ಹೆಸರಾದ ಬೂದಿಕೋಟೆಯ ಸುತ್ತಲಿನ ಹಳ್ಳಿಗಳಲ್ಲಿ ಕನ್ನಡದೊಡನೆ ತೆಲುಗೂ ತಮಿಳೂ ದಿನಬಳಕೆಯ ಮಾತುಗಳೇ. ಡಿ.ವಿ. ಗುಂಡಪ್ಪನವರು 1887ರ ಮಾರ್ಚ್ 17ರಂದು ಹುಟ್ಟಿದ್ದು ಈ ಸೀಮೆಗೆ ಸೇರಿದ ಮುಳಬಾಗಿಲಿನಲ್ಲಿ. 'ಮಂಕುತಿಮ್ಮನ ಕಗ್ಗ'ವನ್ನು ವೇದಾಂತದ ನೆಲೆಯಿಂದ ವಿವರಿಸುವ ಪರಿಪಾಠ ಬಲವಾಗಿ ಬೆಳೆದಿದೆ. ಅದರ ಮಾತುಗಾರಿಕೆಗೆ ಈ ನೆಲದ ಮೌಖಿಕ ಪರಂಪರೆಯೊಡನೆ ಇರುವ ನಂಟು ಮಾತ್ರ ಅಷ್ಟಾಗಿ ಚರ್ಚೆಗೆ ಬಂದಿಲ್ಲ.

ಮೆಟ್ರಿಕ್ಯುಲೇಷನ್ ಪರೀಕ್ಷೆಯಲ್ಲಿ ತೇರ್ಗಡೆಯಾಗದ ಗುಂಡಪ್ಪನವರು ಜೀವನೋಪಾಯಕ್ಕಾಗಿ ಕೋಲಾರದ ಚಿನ್ನದ ಗಣಿ ಪ್ರದೇಶಕ್ಕೆ ಹೋಗಿ ಅಲ್ಲಿನ ಒಂದು ಸೋಡಾ ಕಾರ್ಖಾನೆಯಲ್ಲಿ ದುಡಿದರು. ಶಿವನಸಮುದ್ರದಿಂದ 1902ರಲ್ಲಿ ವಿದ್ಯುತ್ತನ್ನು ಪಡೆದಿದ್ದ, ತಮಿಳು ಕೂಲಿಕಾರರೂ ಆಂಗ್ಲ ಅಧಿಕಾರಿಗಳೂ ನೆಲೆಸಿದ್ದ ಊರದು. ಗಣಿಯ ಬದುಕು ಅವರ ಕಾವ್ಯದ ಮುಖ್ಯ ವಸ್ತುವಾಗಲಿಲ್ಲವೆಂಬುದನ್ನು ಇಲ್ಲಿ ಹೇಳಲೇಬೇಕು. ಮುಂದೆ ಬೆಂಗಳೂರು ಸೇರಿ ಪತ್ರಿಕಾವೃತ್ತಿ ಹಿಡಿದರು. 1913ರಲ್ಲಿ 'ಕರ್ಣಾಟಕ' ಎಂಬ ಇಂಗ್ಲಿಷ್ ಪತ್ರಿಕೆಯನ್ನು ಆರಂಭಿಸಿದರು. 1932ರ ಮಡಿಕೇರಿ ಸಾಹಿತ್ಯ ಸಮ್ಮೇಳನದ ಅಧ್ಯಕ್ಷತೆ, 1945ರಲ್ಲಿ ಗೋಖಲೆ ಸಾರ್ವಜನಿಕ ವಿಚಾರ ಸಂಸ್ಥೆಯ ಸ್ಥಾಪನೆ, 1974ರ ಪದ್ಮಭೂಷಣ ಮೊದಲಾದವು ಸುಪರಿಚಿತ ಸಂಗತಿಗಳು. 1975ರ ಅಕ್ಟೋಬರ್ 7ರಂದು ಅವರು ನಿಧನರಾದರು.

ನಾಟಕಕಾರ ಡಿ.ವಿ.ಜಿ. ಇಂದಿನ ಓದುಗರಿಗೆ ಹೆಚ್ಚು ಪರಿಚಿತರಲ್ಲ. 'ವಿದ್ಯಾರಣ್ಯ ವಿಜಯ', 'ಜಾಕ್ ಕೇಡ್', 'ತಿಲೋತ್ತಮೆ', 'ಕನಕಾಲುಕಾ', 'ಪ್ರಹಸನತ್ರಯೀ' ಅವರ ನಾಟಕ ಕೃತಿಗಳು. ಷೇಕ್ಸ್‌ಪಿಯರನ 'ಮ್ಯಾಕ್‌ಬೆತ್' ಅನುವಾದ 1936ರಲ್ಲಿ ಪ್ರಕಟವಾಯಿತು. ಇದೇ ನಾಟಕವನ್ನು ಎಂ.ಎಲ್. ಶ್ರೀಕಂಠೇಶಗೌಡರು 1895ರಲ್ಲಿ 'ಪ್ರತಾಪರುದ್ರದೇವ' ಎಂದು ದೇಶೀಯ ವೇಷ ತೊಡಿಸಿ ತಂದಿದ್ದರು, ಡಿ.ವಿ.ಜಿ. ಮೂಲದ ಹೆಸರನ್ನೇ ಉಳಿಸಿಕೊಂಡರು. ಅವರ ನಾಟಕಗಳು ರಂಗಕ್ಕಿಂತ ಓದಿಗೆ ಒದಗಿದುವೇ ಹೆಚ್ಚು. ಆದರೆ ಒಬ್ಬ ಮಾತಾಡುವವನನ್ನೂ ಒಬ್ಬ ಕೇಳುವವನನ್ನೂ ಎದುರುಬದುರು ನಿಲ್ಲಿಸುವ ನಾಟಕೀಯ ದೃಷ್ಟಿ ಅಲ್ಲಿಗೇ ನಿಲ್ಲಲಿಲ್ಲ. ಅದು ಪೂರ್ಣವಾಗಿ ಫಲಿಸಿದ್ದು 1943ರಲ್ಲಿ ಪ್ರಕಟವಾದ ಕಗ್ಗದಲ್ಲಿ.

ಕಗ್ಗದ 945 ಪದ್ಯಗಳೂ ದ್ವಿತೀಯಾಕ್ಷರ ಪ್ರಾಸವುಳ್ಳ ಚೌಪದಿಗಳು. ಪಾರಸೀಕ ಕವಿ ಉಮರ್ ಖಯ್ಯಾಮನ ಪದ್ಯಗಳನ್ನು ಫಿಟ್ಸ್‌ಜೆರಾಲ್ಡನ ಇಂಗ್ಲಿಷಿನ ಮೂಲಕ 'ಉಮರನ ಒಸಗೆ'ಯಾಗಿ ಕನ್ನಡಕ್ಕೆ ತಂದಾಗಲೇ ನಾಲ್ಕು ಸಾಲಿನೊಳಗೆ ಒಂದು ವಿಚಾರವನ್ನು ಮುಗಿಸುವ ಹದ ಅವರಿಗೆ ಕೈವಶವಾಗಿತ್ತು. ಅಲ್ಲಿ ಇಲ್ಲದೆ ಇಲ್ಲಿ ಬಂದದ್ದು ಪದ್ಯದ ಕೊನೆಯಲ್ಲಿ ನಿಲ್ಲುವ ತಿಮ್ಮ. ಇದನ್ನು ಅಂಕಿತವೆಂದು ಕರೆಯುವುದು ವಾಡಿಕೆ. ವಚನಕಾರರ, ಹರಿದಾಸರ ಅಂಕಿತಗಳು ಸಾಮಾನ್ಯವಾಗಿ ಇಷ್ಟದೈವದ ಹೆಸರುಗಳು. ತಿಮ್ಮನಾದರೋ ದೈವವಲ್ಲ, ಒಬ್ಬ ಮಂಕ. ಸರ್ವಜ್ಞನ ತ್ರಿಪದಿಯ ಕೊನೆಯಲ್ಲಿ ಬರುವುದು ಎಲ್ಲವನ್ನೂ ಬಲ್ಲವನ ಹೆಸರು. ಇಲ್ಲಿ ಬರುವುದು ಅದರ ನೇರ ವಿರುದ್ಧದ ಹೆಸರು.

ಇದಕ್ಕೆ ಸಮೀಪದ ಮಾದರಿ ತೆಲುಗಿನ ವೇಮನನ ಪದ್ಯಗಳಲ್ಲಿದೆ. ಪ್ರತಿ ಪದ್ಯದ ಕೊನೆಗೆ ವೇಮನನ್ನೇ ಕರೆದು 'ಕೇಳು' ಎನ್ನುವ ಆ ಕ್ರಮ ಗಡಿಯ ಹಳ್ಳಿಗಳಲ್ಲಿ ಅಕ್ಷರ ಬಾರದವರಿಗೂ ತಿಳಿದುದು. ತೆಲುಗು, ಕನ್ನಡ ಎರಡರಲ್ಲೂ ಹಾಡಿದ ಕೈವಾರದ ಯೋಗಿ ನಾರೇಯಣರ ತತ್ತ್ವಪದಗಳೂ ಇದೇ ಸೀಮೆಯ ಭಜನೆ ಮೇಳಗಳ ಸೊತ್ತು. ಕೋಲಾರ ಭಾಗದಲ್ಲಿ 'ಕೇಳಿಕೆ' ಎನಿಸುವ ಮೂಡಲಪಾಯ ಆಟದಲ್ಲಿ ವೇಷ ರಂಗಕ್ಕೆ ಬಂದಾಗ ಸಾರಥಿ ಎದುರು ನಿಂತು ಅದರ ಹೆಸರು, ಬಂದ ಕಾರಣಗಳನ್ನು ಕೇಳುತ್ತಾನೆ; ಎಷ್ಟು ದೊಡ್ಡ ರಾಜನಾದರೂ ಉತ್ತರ ಹೇಳದೆ ಆಟ ಮುಂದುವರಿಯದು. ದೊಡ್ಡ ವಿಚಾರವನ್ನು ಒಬ್ಬ ಸಾಮಾನ್ಯನ ಮುಂದೆ ನಿಲ್ಲಿಸಿ ಹೇಳಿಸುವ ಈ ಕ್ರಮವೇ ಕಗ್ಗದ ರಚನಾಕ್ರಮವೂ ಆಗಿದೆ. ಇವುಗಳಲ್ಲಿ ಒಂದನ್ನು ಮಾತ್ರ ನೇರ ಆಕರವೆಂದು ಹೆಸರಿಸುವುದು ಸಲ್ಲದು. ಇವೆಲ್ಲ ಕಿವಿಗೆ ಬೀಳುತ್ತಿದ್ದ ವಾತಾವರಣದಿಂದ ಕವಿ ಬಂದರೆಂಬುದಷ್ಟೇ ಇಲ್ಲಿಯ ವಾದ.

ಹೆಸರೂ ವಿಚಾರಾರ್ಹ. ತಿಮ್ಮ, ತಿಮ್ಮಪ್ಪ, ತಿಮ್ಮರಾಯ ಎಂಬಿವು ತಿರುಪತಿಯ ತಿಮ್ಮಪ್ಪನಿಗೆ ನಡೆದುಕೊಳ್ಳುವ ಒಕ್ಕಲುಗಳಲ್ಲಿ ಬಳಕೆಯಲ್ಲಿರುವ ಹೆಸರುಗಳು. ಮಾಲೂರು ಕಡೆಯ ಚಿಕ್ಕತಿರುಪತಿ, ಬೇತಮಂಗಲದ ಕಡೆಯ ಬಂಗಾರು ತಿರುಪತಿಗಳು ಆ ಭಕ್ತಿಯ ಸ್ಥಳೀಯ ಕೇಂದ್ರಗಳು. ಆಡುಮಾತಿನಲ್ಲಿ ತಿಮ್ಮನೆಂದರೆ ಕೋತಿಯೂ ಹೌದು. ದೇವರ ಹೆಸರು, ಒಕ್ಕಲಿನ ಹೆಸರು, ಕೋತಿಯ ಹೆಸರು ಮೂರೂ ಒಂದೇ ಪದದಲ್ಲಿ ಕೂಡಿರುವಾಗ ಗಾಂಭೀರ್ಯ ಮತ್ತು ಹಾಸ್ಯಗಳನ್ನು ಬೇರೆ ಬೇರೆ ಇಡಬೇಕಾದ ಅಗತ್ಯ ಕವಿಗೆ ಬೀಳಲಿಲ್ಲ. 'ಕಗ್ಗ' ಎಂದರೆ ಹುರುಳಿಲ್ಲದ, ಗೋಜಲಾದ ಮಾತು. ಉಪದೇಶಕನ ಪೀಠದಿಂದ ಇಳಿಯುವ ಕೆಲಸವನ್ನು ಶೀರ್ಷಿಕೆಯೇ ಮಾಡಿಬಿಡುತ್ತದೆ.

ಕಗ್ಗ ಜಾನಪದ ಕೃತಿಯಲ್ಲ. ಅದರ ಸಂಸ್ಕೃತಭೂಯಿಷ್ಠ ಪದಗಳು ಅನೇಕ ಕಡೆ ವ್ಯಾಖ್ಯಾನವನ್ನು ಬೇಡುತ್ತವೆ. ನಾಲಗೆಯ ಮೇಲೆ ಸಲೀಸಾಗಿ ಹರಿಯದ ಪದ್ಯಗಳೂ ಇವೆ. ಆದರೆ ತಿಮ್ಮನನ್ನು ಕೇವಲ ಅಂಕಿತವೆಂದು ಬದಿಗಿಟ್ಟು ಸಾರಾಂಶವನ್ನಷ್ಟೇ ಎತ್ತಿಕೊಂಡರೆ ಸಂಭಾಷಣೆ ಮರೆಯಾಗಿ ಬೋಧನೆ ಮಾತ್ರ ಉಳಿಯುತ್ತದೆ. ಹಾಗೆ ಓದುವಾಗ ನಾಟಕಕಾರನನ್ನೂ ಅವನಿಗೆ ಮಾತು ಕಲಿಸಿದ ಸೀಮೆಯನ್ನೂ ಒಟ್ಟಿಗೆ ಕಳೆದುಕೊಳ್ಳುತ್ತೇವೆ.

ಕವಿಯ ಮರಣಾನಂತರ ಪ್ರಕಟವಾದ ಸಂಕಲನಕ್ಕೆ 'ಮರುಳ ಮುನಿಯನ ಕಗ್ಗ' ಎಂದು ಹೆಸರು. ಮಂಕನ ಜಾಗಕ್ಕೆ ಮರುಳ, ತಿಮ್ಮನ ಜಾಗಕ್ಕೆ ಮುನಿಯ. ಪಂಡಿತರಿಗೆ ಇಲ್ಲಿ ಋಷಿಮುನಿ ಕಾಣಿಸಬಹುದು. ಊರ ಹೊರಗಿನ ಮರದಡಿ ಮುನೇಶ್ವರನಿಗೆ ಪೂಜೆ ಸಲ್ಲಿಸಿ ಮಕ್ಕಳಿಗೆ ಮುನಿಯಪ್ಪ, ಮುನಿಯಮ್ಮ, ಮುನಿವೆಂಕಟಪ್ಪ ಎಂದು ಹೆಸರಿಡುವ ಬಂಗಾರಪೇಟೆ, ಬೂದಿಕೋಟೆಯ ಜನರಿಗೆ ಮುನಿಯನೆಂದರೆ ಪಕ್ಕದ ಮನೆಯವನು.