ನಿಮಗಿದು ಗೊತ್ತೆ? ಹೆಮ್ಮಾಡಿಯಲ್ಲಿ ಕೂಡುವ ಪಟ್ಟಿಗಳು

ಕೊಲ್ಲೂರಿನಿಂದ ಬ್ರಹ್ಮಾವರಕ್ಕೆ ಹೊರಟವರು ಚಿತ್ತೂರು, ವಂಡ್ಸೆ ದಾಟಿ ಹೆಮ್ಮಾಡಿಯಲ್ಲಿ ಹೆದ್ದಾರಿ 66ಕ್ಕೆ ಬರುತ್ತಾರೆ. ಬೈಂದೂರಿನವರು ಮರವಂತೆಯ ಮೇಲೆ ಅಲ್ಲಿಗೇ ತಲುಪುತ್ತಾರೆ. ಮುಂದೆ ಕುಂದಾಪುರ, ಬ್ರಹ್ಮಾವರ: ಇಬ್ಬರಿಗೂ ದಾರಿ ಒಂದೇ.

ಕಂಪ್ಯೂಟರಿನ ‘ಲಿಂಕ್ಡ್ ಲಿಸ್ಟ್’ ಕೂಡುವುದೂ ಹೀಗೆಯೇ. ಈ ಪಟ್ಟಿಯ ಪ್ರತಿ ನೋಡ್‌ನಲ್ಲಿ (ದಾರಿಯಲ್ಲಿನ ಒಂದೊಂದು ಊರಿದ್ದಂತೆ) ಮಾಹಿತಿಯ ಜತೆ ಮುಂದಿನ ನೋಡ್‌ನ ವಿಳಾಸವೂ ಇರುತ್ತದೆ, ಅದೂ ಒಂದೇ ಒಂದು. ಹಾಗಾಗಿ ಒಮ್ಮೆ ಕೂಡಿದ ಎರಡು ಪಟ್ಟಿಗಳು ಮತ್ತೆ ಕವಲೊಡೆಯಲಾರವು. ಕೊನೆಯ ನೋಡ್ ಎರಡಕ್ಕೂ ಒಂದೇ ಆಗಿದ್ದರೆ ಅವು ಎಲ್ಲೋ ಕೂಡಿವೆ ಎಂದೇ ಅರ್ಥ.

ಎಲ್ಲಿ ಕೂಡಿವೆ? ಉಪಾಯ ಬಹಳ ಚೆಂದ. ಮೊದಲು ಉದ್ದ ಎಣಿಸಬೇಕು. ಕೊಲ್ಲೂರಿನ ಪಟ್ಟಿಯಲ್ಲಿ 6 ಊರು, ಬೈಂದೂರಿನದರಲ್ಲಿ 5, ವ್ಯತ್ಯಾಸ 1. ಉದ್ದದ ಪಟ್ಟಿಯಲ್ಲಿ ಅಷ್ಟು ಹೆಜ್ಜೆ ಮುಂದೆ ಹೋಗಿ ಚಿತ್ತೂರಿನಲ್ಲಿ ನಿಲ್ಲಬೇಕು. ಆಮೇಲೆ ಎರಡರಲ್ಲೂ ಜೊತೆಜೊತೆಗೆ ಸಾಗಬೇಕು: ಚಿತ್ತೂರು–ಬೈಂದೂರು, ವಂಡ್ಸೆ–ಮರವಂತೆ, ಹೆಮ್ಮಾಡಿ–ಹೆಮ್ಮಾಡಿ. ಸಿಕ್ಕಿತು!

ಹೊಸಬರು ಎಡವುವುದು ಹೋಲಿಕೆಯಲ್ಲಿ. ಹೋಲಿಸಬೇಕಾದದ್ದು ನೋಡ್‌ನೊಳಗಿನ ಮಾಹಿತಿಯನ್ನಲ್ಲ, ಅದರ ವಿಳಾಸವನ್ನು. ಕುಂದಾಪುರದ ಕಡೆ ಒಂದು ಸಿದ್ದಾಪುರವಿದೆ, ಉತ್ತರ ಕನ್ನಡದಲ್ಲಿ ಇನ್ನೊಂದು. ಹೆಸರು ಒಂದೇ ಆದರೂ ಊರು ಬೇರೆ.

ಲಿಂಕ್ಡ್ ಲಿಸ್ಟನ್ನು 1955–56ರ ಹೊತ್ತಿಗೆ ಅಮೆರಿಕದಲ್ಲಿ ಅಲೆನ್ ನ್ಯೂವೆಲ್, ಕ್ಲಿಫ್ ಶಾ, ಹರ್ಬರ್ಟ್ ಸೈಮನ್ ರೂಪಿಸಿದರು. ತಂತ್ರಾಂಶ ಬರೆಯುವವರು ನಿತ್ಯ ಬಳಸುವ, 2005ರಲ್ಲಿ ಲೈನಸ್ ಟೊರ್ವಾಲ್ಡ್ಸ್ ಆರಂಭಿಸಿದ ‘ಗಿಟ್’ ಕೂಡ ಎರಡು ಶಾಖೆಗಳನ್ನು ಬೆಸೆಯುವ ಮುನ್ನ ಅವುಗಳ ಇತಿಹಾಸ ಎಲ್ಲಿ ಕೂಡುತ್ತದೆಂದು ಹುಡುಕುತ್ತದೆ.