ಚೀಟಿ ಹರಿಯುವ ಪುಟಾಣಿ

ಅಂಗಾಲಿನಲ್ಲಿ ಮಚ್ಚೆ ಇದ್ದರೆ ಊರೂರು ಸುತ್ತುವ ಯೋಗ ಎನ್ನುವ ಅಜ್ಜಿಯರಿದ್ದಾರೆ. ಯೋಗದ ಮಾತು ಇರಲಿ. ಚರ್ಮಕ್ಕೆ ಬಣ್ಣ ಕೊಡುವ ಜೀವಕೋಶಗಳು ಒಂದೆಡೆ ಗುಂಪುಗೂಡಿದರೆ ಅದೇ ಮಚ್ಚೆ. ಸ್ವಲ್ಪ ಬೆಳೆದು ಅವು ಸುಮ್ಮನಾಗುತ್ತವೆ. ಅಪರೂಪಕ್ಕೊಮ್ಮೆ ಇಂಥ ಕೋಶವೊಂದು ನಿಲ್ಲುವುದನ್ನೇ ಮರೆತು ಎರಡಾಗಿ, ನಾಲ್ಕಾಗಿ, ಎಂಟಾಗಿ ಬೆಳೆಯುತ್ತಲೇ ಹೋಗುತ್ತದೆ. ಅದು ಮೆಲನೋಮಾ, ಚರ್ಮದ ಕ್ಯಾನ್ಸರ್‌ಗಳಲ್ಲಿ ಬಲು ಅಪಾಯದ್ದು.

ಕೋಶಕ್ಕೆ ‘ಸಾಕು, ನಿಲ್ಲು’ ಎನ್ನುವವರು ಯಾರು? ಮಕ್ಕಳೇ, ಕೋಶದೊಳಗಿನ ಡಿಎನ್‌ಎ ಒಂದು ದೊಡ್ಡ ಅಡುಗೆ ಪುಸ್ತಕ ಎಂದುಕೊಳ್ಳಿ. ಪುಸ್ತಕ ಕಪಾಟು ಬಿಟ್ಟು ಬರುವುದಿಲ್ಲ. ಬೇಕಾದ ಅಡುಗೆಯನ್ನಷ್ಟೇ ಚೀಟಿಯಲ್ಲಿ ಬರೆದು ಅಡುಗೆಮನೆಗೆ ಕಳಿಸುತ್ತಾರೆ. ಆ ಚೀಟಿಯೇ ಸಂದೇಶವಾಹಕ ಆರ್‌ಎನ್‌ಎ. ಅದನ್ನು ಓದಿ ತಯಾರಾಗುವ ಅಡುಗೆ ಪ್ರೋಟೀನ್. ಈ ಚೀಟಿಗೆ ಅಂಟಿಕೊಂಡು ಓದಲು ಬಿಡದ, ಎಷ್ಟೋ ಸಲ ಹರಿದೇ ಹಾಕುವ ಪುಟಾಣಿಯೊಂದಿದೆ. ಹೆಸರು ಮೈಕ್ರೋ ಆರ್‌ಎನ್‌ಎ. ಉದ್ದ ಸುಮಾರು 22 ಅಕ್ಷರ, ಅಷ್ಟೇ!

ಇದು ಮೊದಲು ಸಿಕ್ಕಿದ್ದು ಒಂದು ಮಿಲಿಮೀಟರ್ ಉದ್ದದ ಹುಳುವಿನಲ್ಲಿ, 1993ರಲ್ಲಿ. ಕಂಡವರು ಅಮೆರಿಕದ ವಿಕ್ಟರ್ ಆಂಬ್ರೋಸ್ ಮತ್ತು ಗ್ಯಾರಿ ರವ್ಕುನ್. ಹುಳುವಿನ ವಿಚಾರ ನಮಗೇಕೆ ಎಂದು ಹೆಚ್ಚಿನವರು ಸುಮ್ಮನಿದ್ದರು. 2000ದಲ್ಲಿ ರವ್ಕುನ್ ತಂಡಕ್ಕೆ ಇನ್ನೊಂದು ಸಿಕ್ಕಿತು. ಅದು ಮನುಷ್ಯರಲ್ಲೂ ಇತ್ತು! ಆಮೇಲೆ ಹುಡುಕಿದ್ದೇ ಹುಡುಕಿದ್ದು. 2024ರಲ್ಲಿ ಇಬ್ಬರಿಗೂ ನೊಬೆಲ್ ಬಂತು.

ಮತ್ತೆ ಮಚ್ಚೆಗೆ ಬರೋಣ. ಕೋಶ ಒಡೆದು ಎರಡಾಗದಂತೆ ಬ್ರೇಕ್ ಹಾಕುವ ಪ್ರೋಟೀನುಗಳಲ್ಲಿ ಪಿ27 ಒಂದು. ಮೆಲನೋಮಾ ಕೋಶಗಳಲ್ಲಿ 221 ಮತ್ತು 222 ಎಂಬ ಸಂಖ್ಯೆಯ ಪುಟಾಣಿಗಳು ಅತಿಯಾಗಿ, ಈ ಬ್ರೇಕಿನ ಚೀಟಿಯನ್ನೇ ತಡೆಯುತ್ತವೆ. ಬ್ರೇಕ್ ಇಲ್ಲದ ಗಾಡಿ ಇಳಿಜಾರಿನಲ್ಲಿ ಏನಾಗುತ್ತದೋ ಅದೇ ಇಲ್ಲಿಯೂ. 211ನೆಯದರ ಕಥೆ ಉಲ್ಟಾ. ಆರೋಗ್ಯವಾಗಿರುವ ಬಣ್ಣದ ಕೋಶದಲ್ಲಿ ಅದು ಧಾರಾಳ. ಅನೇಕ ಮೆಲನೋಮಾಗಳಲ್ಲಿ ಕಡಿಮೆ. ಕಾವಲು ಸಡಿಲವಾದಾಗ ಕೋಶ ಅಕ್ಕಪಕ್ಕಕ್ಕೆ ನುಗ್ಗುತ್ತದೆ. ಹಾಗಾದರೆ ಪುಟಾಣಿಯನ್ನೇ ಔಷಧಿಯಾಗಿ ಕೊಡಬಹುದಲ್ಲ ಎಂದು ನೀವು ಕೇಳಬಹುದು. ಪ್ರಯತ್ನ ನಡೆದಿದೆ. ಆದರೆ ಒಂದೊಂದು ಪುಟಾಣಿಯೂ ಹತ್ತಾರು ಬೇರೆ ಬೇರೆ ಚೀಟಿಗಳಿಗೆ ಕೈಹಾಕುವುದರಿಂದ ಕೆಲಸ ಸುಲಭವಿಲ್ಲ.

ಮೆಲನೋಮಾ ಬಿಳಿ ಚರ್ಮದವರಲ್ಲಿ ಹೆಚ್ಚು, ನಮ್ಮಲ್ಲಿ ಅಪರೂಪ. ಬಂದಾಗ ಬಿಸಿಲೇ ಕಾಣದ ಅಂಗಾಲು, ಅಂಗೈ, ಉಗುರಿನ ಅಡಿಯಲ್ಲಿ ಕಾಣಿಸಿಕೊಳ್ಳುವುದುಂಟು. ಅಜ್ಜನಿಗೆ ಬಗ್ಗಿ ತಮ್ಮ ಅಂಗಾಲು ನೋಡಿಕೊಳ್ಳುವುದು ಕಷ್ಟ, ಮೊಮ್ಮಕ್ಕಳು ನೋಡಬಹುದು. ಮಚ್ಚೆ ಹೊಸದೇ? ಅಂಚು ಅಂಕುಡೊಂಕೇ? ಎರಡು ಮೂರು ಬಣ್ಣ ಬೆರೆತಿದೆಯೇ? ದೊಡ್ಡದಾಗುತ್ತಿದೆಯೇ? ಹಾಗಿದ್ದರೆ ಚರ್ಮದ ಡಾಕ್ಟರಿಗೆ ತೋರಿಸಿ. ಬೇಗ ಕಂಡರೆ ಎಷ್ಟೋ ಸಲ ಅಷ್ಟನ್ನು ಕತ್ತರಿಸಿ ತೆಗೆದರೆ ಸಾಕಾಗುತ್ತದೆ.