ಇನ್ಸುಲಿನ್ನಿಗೆ ಮಣಿಯದ ದೇಹ

ಮಧುಮೇಹವೆಂದರೆ ದೇಹದಲ್ಲಿ ಇನ್ಸುಲಿನ್ ಎಂಬ ರಸದ ಅಭಾವವೆಂದೇ ಬಹುಜನರ ತಿಳಿವಳಿಕೆ. 1921ರಲ್ಲಿ ಕೆನಡಾ ದೇಶದ ಟೊರಾಂಟೊ ನಗರದಲ್ಲಿ ಬ್ಯಾಂಟಿಂಗ್ ಮತ್ತು ಬೆಸ್ಟ್ ಎಂಬುವರು ಈ ರಸವನ್ನು ಪ್ರಾಣಿಗಳ ಮೇದೋಜೀರಕ ಗ್ರಂಥಿಯಿಂದ ಪಡೆದ ಮೇಲೆ ಆ ಭಾವನೆ ಬಲವಾದುದು ಸಹಜವೇ. ಆದರೆ ರಸವಿದ್ದೂ ಕೆಲಸ ಸಾಗದ ಸ್ಥಿತಿಯೊಂದುಂಟು. ಅದನ್ನು ನಾವು ಇಲ್ಲಿ ವಿಚಾರಿಸೋಣ.

1936ರಲ್ಲಿ ಲಂಡನ್ನಿನ ವೈದ್ಯ ಹಿಮ್ಸ್‌ವರ್ತ್ ರೋಗಿಗಳಿಗೆ ಗ್ಲೂಕೋಸನ್ನು ಕುಡಿಸಿ, ಅದೇ ಕಾಲದಲ್ಲಿ ಇನ್ಸುಲಿನ್ನನ್ನೂ ಚುಚ್ಚಿ ನೋಡಿದನು. ಕೆಲವರಲ್ಲಿ ರಕ್ತದ ಸಕ್ಕರೆ ಏರದೆ ನಿಂತಿತು. ಮತ್ತೆ ಕೆಲವರಲ್ಲಿ ಇನ್ಸುಲಿನ್ನನ್ನು ಲೆಕ್ಕಿಸದೆ ಏರಿತು. 1960ರಲ್ಲಿ ಅಮೆರಿಕದ ಯಾಲೋ ಮತ್ತು ಬರ್ಸನ್ ರಕ್ತದಲ್ಲಿರುವ ಇನ್ಸುಲಿನ್ನನ್ನೇ ಅಳೆಯುವ ಕ್ರಮವನ್ನು ಪ್ರಕಟಿಸಿದರು. ನಡುವಯಸ್ಸಿನಲ್ಲಿ ಮಧುಮೇಹಕ್ಕೆ ತುತ್ತಾದ ಅನೇಕರಲ್ಲಿ ರಸವು ಕಡಮೆಯಿರಲಿಲ್ಲ, ಹೆಚ್ಚಾಗಿಯೇ ಇತ್ತು!

ಇನ್ಸುಲಿನ್ ಒಂದು ಹುಕುಮಿನಂತೆ. ರಕ್ತದ ಸಕ್ಕರೆಯನ್ನು ಒಳಗೆ ತೆಗೆದುಕೊಳ್ಳಿರೆಂದು ಸ್ನಾಯುಗಳಿಗೂ, ಹೊಸ ಸಕ್ಕರೆಯನ್ನು ಹೊರಕ್ಕೆ ಬಿಡಬೇಡವೆಂದು ಯಕೃತ್ತಿಗೂ ಅದು ಆಜ್ಞೆ ಮಾಡುತ್ತದೆ. ಈ ಅಂಗಗಳಲ್ಲಿ ಕೊಬ್ಬು ಸೇರಿಕೊಂಡರೆ ಆಜ್ಞೆ ಒಳಕ್ಕೆ ಮುಟ್ಟುವುದಿಲ್ಲ. ಒಂದು ಹುಕುಮಿಗೆ ಮಣಿಯದ ಗ್ರಾಮಕ್ಕೆ ಅಮಲ್ದಾರರು ಹತ್ತು ಹುಕುಮುಗಳನ್ನು ಕಳುಹಿಸುವಂತೆ, ಗ್ರಂಥಿಯು ಹೆಚ್ಚು ಹೆಚ್ಚು ರಸವನ್ನು ಸುರಿಸುತ್ತದೆ. ವರ್ಷಗಳವರೆಗೆ ಪರೀಕ್ಷೆಯಲ್ಲಿ ಸಕ್ಕರೆ ಸರಿಯಾಗಿಯೇ ಕಾಣುತ್ತದೆ. ಗ್ರಂಥಿ ಬಳಲಿದ ದಿನ ಮಧುಮೇಹ ಹೊರಬೀಳುತ್ತದೆ. ಅಷ್ಟರೊಳಗೆ ರಕ್ತದ ಒತ್ತಡವೂ ರಕ್ತದಲ್ಲಿನ ಕೊಬ್ಬೂ ಏರಿ ಹೃದಯಕ್ಕೆ ಕೇಡು ಮೊದಲಾಗಿರಬಹುದು. ಈ ಕೇಡುಗಳೆಲ್ಲ ಒಂದೇ ಬೇರಿನ ಕೊಂಬೆಗಳೆಂದು 1988ರಲ್ಲಿ ಅಮೆರಿಕದ ರೀವನ್ ಎಂಬ ವೈದ್ಯನು ವಾದಿಸಿದನು.

ಇದು ಸ್ಥೂಲಕಾಯರ ಪಾಡೆಂದು ತೆಳ್ಳಗಿನವರು ನಿಶ್ಚಿಂತರಾಗುವಂತಿಲ್ಲ. ಸೇಡಂ, ಚಿತ್ತಾಪುರಗಳ ಕಡೆಯ ಒಬ್ಬ ರೈತನನ್ನೋ, ಶಹಾಬಾದಿನ ಹಾಸುಗಲ್ಲನ್ನು ಸೀಳುವ ಕೆಲಸಗಾರನನ್ನೋ ಭಾವಿಸೋಣ. ಜೋಳದ ರೊಟ್ಟಿ, ತೊಗರಿಬೇಳೆ ಅವನ ಊಟ. ದುಡಿಯುವ ಸ್ನಾಯುವು ಇನ್ಸುಲಿನ್ನಿನ ಅಪ್ಪಣೆಗೆ ಕಾಯದೆ ಸಕ್ಕರೆಯನ್ನು ತಾನಾಗಿ ಎಳೆದುಕೊಳ್ಳುತ್ತದೆ. ಅವನ ಮಗನು ವಾಡಿಯಲ್ಲೋ ಕಲಬುರಗಿಯಲ್ಲೋ ಕಛೇರಿಯ ಕುರ್ಚಿ ಹಿಡಿದು, ಅನ್ನವನ್ನೂ ಸಿಹಿ ಚಹಾವನ್ನೂ ಹೆಚ್ಚಿಸಿಕೊಂಡನೆನ್ನಿ. ಆ ದಾರಿ ಅರ್ಧ ಮುಚ್ಚಿತು. ಕೈಕಾಲು ತೆಳ್ಳಗೇ ಉಳಿದು ಹೊಟ್ಟೆ ಮಾತ್ರ ಮುಂದೆ ಬರುತ್ತದೆ. ನಮ್ಮ ಜನಕ್ಕೆ ಅಪಾಯದ ಗುರುತು ಅದೇ.

ನಮ್ಮವರಲ್ಲೇ ಹೀಗೇಕೆ? ಉತ್ತರವನ್ನು ವಿದ್ವಾಂಸರು ಹುಟ್ಟಿನಲ್ಲಿಯೇ ಹುಡುಕಿದರು. ಪುಣೆಯಲ್ಲಿ ಡಾಕ್ಟರ್ ಯಾಜ್ಞಿಕರ ತಂಡವು ಸುತ್ತಣ ಹಳ್ಳಿಗಳ ಶಿಶುಗಳನ್ನು ಇಂಗ್ಲೆಂಡಿನ ಶಿಶುಗಳೊಡನೆ ಹೋಲಿಸಿತು. ಅಲ್ಲಿಯವು ಸರಾಸರಿ 3.5 ಕಿಲೋಗ್ರಾಂ, ಇಲ್ಲಿಯವು 2.7. ಇಷ್ಟು ಸಣ್ಣವಾದರೂ ನಮ್ಮ ಮಕ್ಕಳಲ್ಲಿ ಸೊರಗಿದ್ದುದು ಹೆಚ್ಚಾಗಿ ಸ್ನಾಯು. ಬೆನ್ನಿನ ಚರ್ಮದಡಿಯ ಕೊಬ್ಬು ಅಷ್ಟಾಗಿ ಕುಂದಿರಲಿಲ್ಲ.

ಮೈಸೂರಿನ ಹೋಲ್ಡ್ಸ್‌ವರ್ತ್ ಆಸ್ಪತ್ರೆಯಲ್ಲಿ 1934ರಿಂದ ಜನನದ ವಿವರಗಳನ್ನು ಬರೆದಿಟ್ಟಿದ್ದರು. ಅಲ್ಲಿ ಹುಟ್ಟಿದವರನ್ನು ದಶಕಗಳ ಮೇಲೆ ಹುಡುಕಿ ಪರೀಕ್ಷಿಸಿದ ಫಲಿತಾಂಶ 1998ರಲ್ಲಿ ಪ್ರಕಟವಾಯಿತು. ಉದ್ದ ಕಡಮೆಯಾಗಿ ದುಂಡಗೆ ಹುಟ್ಟಿದವರಲ್ಲಿ ಮಧುಮೇಹ ಹೆಚ್ಚಾಗಿತ್ತು. ಅವರ ತಾಯಂದಿರ ತೂಕವೂ ಹೆಚ್ಚಿತ್ತು. ಬಸುರಿಯ ರಕ್ತದಲ್ಲಿ ಏರಿದ ಸಕ್ಕರೆ ಮಗುವಿನ ನಾಳೆಯನ್ನು ಮುಟ್ಟುತ್ತದೆಂಬ ಶಂಕೆಗೆ ಇದು ಎಡೆಗೊಟ್ಟಿತು. ಪ್ರಸೂತಿಯ ಒಂದು ಹಳೆಯ ಕಡತ ಎಷ್ಟು ದೂರದ ಬೆಳಕನ್ನು ಬೀರಬಲ್ಲದೆಂಬುದನ್ನು ನೋಡಿರಿ.

ಹುಟ್ಟನ್ನು ನಾವು ತಿದ್ದಲಾರೆವು; ಬದುಕನ್ನು ತಿದ್ದಬಹುದು. ತಕ್ಕಡಿಯೊಂದನ್ನೇ ನಂಬದೆ ಅಳತೆಯ ಪಟ್ಟಿಯನ್ನು ಹಿಡಿಯಬೇಕು. ಸೊಂಟದ ಸುತ್ತಳತೆ ಗಂಡಸರಲ್ಲಿ 90, ಹೆಂಗಸರಲ್ಲಿ 80 ಸೆಂಟಿಮೀಟರನ್ನು ಮುಟ್ಟಿದರೆ ಎಚ್ಚರಿಕೆ ಬೇಕು. ಕತ್ತಿನ ಹಿಂಭಾಗ ಕಪ್ಪಗೆ ಮಖಮಲ್ಲಿನಂತಾಗುವುದೂ ಒಂದು ಸೂಚನೆ. ನಿತ್ಯದ ಬಿರುಸು ನಡಿಗೆ, ಮಿತವಾದ ಊಟ, ಬಸುರಿಯರಿಗೆ ಸಕ್ಕರೆಯ ಪರೀಕ್ಷೆ: ಇವು ದೊಡ್ಡ ಖರ್ಚಿನವಲ್ಲ. ಗ್ರಂಥಿಯು ಬಳಲುವುದಕ್ಕೆ ಮುಂಚೆ ಅದರ ಹೊರೆಯನ್ನು ಇಳಿಸುವುದೇ ಜಾಣತನ.